ಅಪ್‌ಡೇಟ್: ಹೆಸರು ಬದಲಾವಣೆ ಆದೇಶ ಕೊನೆಗೂ ಸಿಕ್ತು

ಅಮೆರಿಕದ ವರ್ಜೀನಿಯಾದಲ್ಲಿ ನನ್ನವಳ ಹೆಸರು ಬದಲಾದ ಆದೇಶದ ದೃಢೀಕೃತ ಪ್ರತಿ ಎಲ್ಲಿ ಸಿಗುತ್ತೆ ಅಂತ ಕೇಳಿದ್ದೆನಲ್ಲ, ಸಿಕ್ತು. ತಪ್ಪು ನಂದೇ. ಆಗಿನ ಮನೆ ಫಾಲ್ಸ್ ಚರ್ಚ್‌ನಲ್ಲಿತ್ತು, ಅದು ಫೇರ್‌ಫ್ಯಾಕ್ಸ್ ಕೌಂಟಿ (ನಮ್ಮ ಜಿಲ್ಲೆ ಥರ) ಅಂದ್ಕೊಂಡು ಅಲ್ಲೇ ಹುಡುಕ್ತಿದ್ದೆ. ಫಾಲ್ಸ್ ಚರ್ಚ್ ಸ್ವತಂತ್ರ ನಗರ, ಯಾವ ಕೌಂಟಿಗೂ ಸೇರಲ್ಲ. ಇಂಥ ಆದೇಶ ಕೊಡೋ ಅದರ ಸರ್ಕ್ಯೂಟ್ ಕೋರ್ಟ್ ಕೆಲಸ ನಡೆಯೋದು ಪಕ್ಕದ ಆರ್ಲಿಂಗ್ಟನ್‌ನಲ್ಲಿ! ಇನ್ನೊಂದು ತಮಾಷೆ: ವಿಳಾಸದಲ್ಲಿ ಫಾಲ್ಸ್ ಚರ್ಚ್ ಅಂತಿರೋ ಎಷ್ಟೋ ಮನೆಗಳು ನಿಜಕ್ಕೂ ಫೇರ್‌ಫ್ಯಾಕ್ಸ್ ಕೌಂಟಿಯವು. ಅಂಚೆ ವಿಳಾಸ ನಂಬಬೇಡಿ, ತೆರಿಗೆ ಯಾರಿಗೆ ಕಟ್ತಿದ್ರಿ ನೋಡಿ.

ಕ್ಲರ್ಕ್ ಕಚೇರಿಯಲ್ಲಿ ಕೇಸ್ ನಂಬರ್ ಕೇಳಿದ್ರು, ನನ್ನ ಹತ್ರ ಇರಲಿಲ್ಲ. ಕೌಂಟರಿನಾಕೆ 'ಡೀಡ್ ಬುಕ್ ಸೂಚಿ ನೋಡಿ' ಅಂದ್ಲು. ಹೆಸರು ಬದಲಾವಣೆಗೂ ಆಸ್ತಿ ಪತ್ರಗಳ ಪುಸ್ತಕಕ್ಕೂ ಏನು ಸಂಬಂಧ ಅಂತ ಪೆಚ್ಚಾದೆ. ಇಲ್ಲಿನ ಕಾನೂನಿನ ಪ್ರಕಾರ ಆದೇಶ ಅಲ್ಲೂ ದಾಖಲಾಗುತ್ತೆ, ಹಳೆ ಹೆಸರು, ಹೊಸ ಹೆಸರು ಎರಡರಲ್ಲೂ. ಅವಳ ಅಪ್ಪನ ಹೆಸರು ಮೊದಲಿಟ್ಟು ಹುಡುಕಿದಾಗ ತಟ್ಟನೆ ಬಂತು. ನಮ್ಮ ಇನಿಷಿಯಲ್ ಪುರಾಣ ಬಲ್ಲವರಿಗೆ ಗೊತ್ತಾಗುತ್ತೆ! ಪುಟಕ್ಕೆ 50 ಸೆಂಟ್, ಮೇಲೆ ದೃಢೀಕರಣ ಶುಲ್ಕ. ಮೊಹರು ಒತ್ತಿದ ಕಾಗದ ಈಗ ಕೈಯಲ್ಲಿದೆ, ನಾಳೆ ಪಾಸ್‌ಪೋರ್ಟ್ ಅರ್ಜಿ ಹಾಕ್ತೀವಿ.