ಪದಚರ್ಚೆ: ಸ್ಟೆರಿಲೈಸೇಷನ್‌ಗೆ ಕ್ಲಿನಿಕ್‌ನಲ್ಲಿ ನಡೆಯುವ ಕನ್ನಡ ಪದ ಯಾವುದು?

ಗೆಳೆಯರೇ,

ಸಣ್ಣ ಕ್ಲಿನಿಕ್‌ಗಳ ಸಿಬ್ಬಂದಿಗಾಗಿ ಗೋಡೆಗೆ ಅಂಟಿಸುವ ಒಂದು ಸೂಚನಾಪಟ್ಟಿ ಬರೆಯುತ್ತಿದ್ದೇನೆ. ಮತ್ತೆ ಮತ್ತೆ ಬಳಸುವ ಕತ್ತರಿ, ಚಿಮಟಗಳಲ್ಲಿ ಬ್ಯಾಕ್ಟೀರಿಯಾ ಉಳಿಯದಂತೆ ಮಾಡುವುದು ಹೇಗೆ ಅನ್ನೋದು ವಿಷಯ. ಕ್ಲೀನಿಂಗ್, ಡಿಸ್‌ಇನ್‌ಫೆಕ್ಷನ್, ಸ್ಟೆರಿಲೈಸೇಷನ್, ಈ ಮೂರಕ್ಕೂ 'ಶುದ್ಧೀಕರಣ' ಅಂತ ಬರೆದುಬಿಟ್ಟರೆ ಕೆಲಸ ಕೆಡುತ್ತದೆ.

ಮೊದಲನೆಯದಕ್ಕೆ 'ತೊಳೆಯುವುದು' ಸಾಕು. ಚಿಮಟದ ಹಲ್ಲುಗಳ ಸಂದಿಯಲ್ಲಿ ರಕ್ತ ಒಣಗಿ ಕೂತಿದ್ದರೆ ಯಾವ ದ್ರಾವಣವೂ ಅದರಡಿಗೆ ಸರಿಯಾಗಿ ಇಳಿಯುವುದಿಲ್ಲ. ಹಾಗಾಗಿ ಬ್ರಷ್ ಹಾಕಿ ಉಜ್ಜುವುದೇ ಮೊದಲ ಕೆಲಸ.

ಎರಡನೆಯದಕ್ಕೆ 'ಸೋಂಕು ನಿವಾರಣೆ' ಬಳಕೆಯಲ್ಲಿದೆ. ಕೋವಿಡ್ ಕಾಲದಲ್ಲಿ ಬೀದಿಗೆ ಹೈಪೋಕ್ಲೋರೈಟ್ ಸಿಂಪಡಿಸುವಾಗ ಪತ್ರಿಕೆಗಳಲ್ಲೆಲ್ಲ ಓದಿದ್ದೇವೆ. ಆದರೆ ಸೋಂಕು ತಗಲುವುದು ಮನುಷ್ಯನಿಗೆ, ಕತ್ತರಿಗಲ್ಲ, ಅಲ್ವಾ? 'ಕ್ರಿಮಿನಾಶಕ' ಅಂದರೆ ಹೊಲಕ್ಕೆ ಹೊಡೆಯುವ ಔಷಧಿ ನೆನಪಾಗುತ್ತದೆ. ಬೇರೆ ದಾರಿ ಕಾಣದೆ ಸದ್ಯಕ್ಕೆ 'ಸೋಂಕು ನಿವಾರಣೆ'ಯನ್ನೇ ಇಟ್ಟುಕೊಂಡಿದ್ದೇನೆ.

ಜಾಸ್ತಿ ಕಷ್ಟ ಮೂರನೆಯದು. 'ಬಂಜೆಗೊಳಿಸು' ಅಂತೂ ಇಲ್ಲಿ ನಗೆಪಾಟಲು. 'ನಿರ್ಜೀವೀಕರಣ' ಅಂದರೆ, ಕತ್ತರಿಗೆ ಜೀವ ಎಲ್ಲಿತ್ತು ಅಂತ ಯಾರಾದರೂ ಕೇಳಿಯಾರು. ಸೋಂಕು ನಿವಾರಣೆಗೂ ಇದಕ್ಕೂ ಅರ್ಥದ ವ್ಯತ್ಯಾಸ ಇರುವುದು ಬೀಜಕಗಳಲ್ಲಿ (ಸ್ಪೋರ್, ಅಂದರೆ ಕೆಲವು ಬ್ಯಾಕ್ಟೀರಿಯಾ ಗಟ್ಟಿ ಕವಚದೊಳಗೆ ಸುಪ್ತವಾಗಿರುವ ರೂಪ). ನೀರಲ್ಲಿ ಕುದಿಸಿದರೆ ಹೆಚ್ಚಿನ ಬ್ಯಾಕ್ಟೀರಿಯಾ ಸಾಯುತ್ತವೆ. ಧನುರ್ವಾಯು ತರುವ ಬ್ಯಾಕ್ಟೀರಿಯಾದ ಬೀಜಕಗಳು ಮಾತ್ರ ಅಷ್ಟಕ್ಕೆ ಜಗ್ಗುವುದಿಲ್ಲ. ಅವೂ ಸಾಯಬೇಕಾದರೆ ಪ್ರೆಷರ್ ಕುಕ್ಕರ್‌ನಂಥ ಯಂತ್ರವಾದ ಆಟೋಕ್ಲೇವ್‌ನ ಒತ್ತಡದ ಹಬೆ ಬೇಕು: 121 ಡಿಗ್ರಿ ಸೆಲ್ಸಿಯಸ್, ಬಟ್ಟೆಯಲ್ಲಿ ಸುತ್ತಿದ ಕಟ್ಟಾದರೆ 30 ನಿಮಿಷ. ಕಟ್ಟಿನ ಮೇಲಿನ ಟೇಪಿನಲ್ಲಿ ಕಪ್ಪು ಗೆರೆ ಮೂಡಿದರೆ ಕೆಲಸ ಮುಗಿಯಿತು ಅಂದುಕೊಳ್ಳುವವರಿದ್ದಾರೆ. ಆ ಗೆರೆ ಕಟ್ಟಿಗೆ ಬಿಸಿ ತಾಗಿದೆ ಎಂದಷ್ಟೇ ಹೇಳುತ್ತದೆ, ಬೀಜಕ ಸತ್ತವೆಂದಲ್ಲ.

'ಹಬೆಶುದ್ಧಿ' ಅನ್ನೋಣವೆಂದರೆ, ಬಿಸಿ ತಡೆಯದ ಸಾಮಾನುಗಳನ್ನು ಎಥಿಲೀನ್ ಆಕ್ಸೈಡ್ ಅನಿಲದಿಂದಲೂ ಸ್ಟೆರೈಲ್ ಮಾಡುತ್ತಾರೆ. ಅಲ್ಲಿ ಹಬೆಯೇ ಇಲ್ಲ. ನನ್ನ ಮನಸ್ಸು 'ಕ್ರಿಮಿಶುದ್ಧಿ' ಕಡೆ ವಾಲುತ್ತಿದೆ, ಆದರೆ ಅದನ್ನು ಓದಿದವರು ಡೆಟಾಲ್‌ನಲ್ಲಿ ಅದ್ದಿ ತೆಗೆದರೂ ಆಯಿತು ಅಂದುಕೊಳ್ಳಬಹುದು.

ಇನ್ನೊಂದು ತೊಡಕು. ಅರ್ಲ್ ಸ್ಪಾಲ್ಡಿಂಗ್ ಎಂಬ ಅಮೆರಿಕದ ತಜ್ಞ ಈ ಸಾಮಾನುಗಳನ್ನು ಕ್ರಿಟಿಕಲ್, ಸೆಮಿಕ್ರಿಟಿಕಲ್, ನಾನ್‌ಕ್ರಿಟಿಕಲ್ ಎಂದು ವಿಂಗಡಿಸಿದ. 'ನಿರ್ಣಾಯಕ' ಅಂದರೆ ಯಾರಿಗೂ ಏನೂ ತಿಳಿಯುವುದಿಲ್ಲ. 'ಮೈಯೊಳಗೆ ಹೋಗುವವು' (ಕತ್ತರಿ), 'ಒಳಪೊರೆ ಮುಟ್ಟುವವು' (ಎಂಡೋಸ್ಕೋಪ್), 'ಚರ್ಮ ಮುಟ್ಟುವವು' (ಬಿ.ಪಿ. ಪಟ್ಟಿ, ಸ್ಟೆತಸ್ಕೋಪ್) ಅಂತ ಬರೆದಿದ್ದೇನೆ. ಉದ್ದವಾಯಿತೇ?

ಆಸ್ಪತ್ರೆಯಲ್ಲಿ ಕೆಲಸ ಮಾಡುವವರು ಇಲ್ಲಿದ್ದರೆ ಹೇಳಿ: ನಿಮ್ಮ ನರ್ಸ್, ಆಯಾಗಳು ತಮ್ಮತಮ್ಮಲ್ಲಿ ಏನನ್ನುತ್ತಾರೆ? 'ಆಟೋಕ್ಲೇವ್‌ಗೆ ಹಾಕು' ಅನ್ನೋದನ್ನು ಬಿಟ್ಟು ಬೇರೆ ಮಾತಿದೆಯೇ?