ಫ್ಲೈ-ಬೈ-ವೈರ್ ವಿಮಾನ ಕಟ್ಟುತ್ತಿದ್ದೇನೆ: ನೆಲದ ಕಾಕ್‌ಪಿಟ್ ಎಷ್ಟು ಅಸಲಿ ಇರಬೇಕು?

ಗ್ಯಾರೇಜ್ ಗರುಡ (ವಿಚಿಟಾ, ಕ್ಯಾನ್ಸಸ್):
ನಮಸ್ಕಾರ. ನನ್ನ ಎರಡು ಸೀಟಿನ ಎಕ್ಸ್‌ಪೆರಿಮೆಂಟಲ್ ವಿಮಾನ ಗ್ಯಾರೇಜಿನಲ್ಲಿ ಅರ್ಧ ಆಗಿದೆ. ಸ್ಟಿಕ್ಕಿಗೂ ರೆಕ್ಕೆಗೂ ನಡುವೆ ಕೇಬಲ್ ಇಲ್ಲ, ರಾಡ್ ಇಲ್ಲ. ಸೆನ್ಸರ್ ಕೈ ಚಲನೆ ಓದುತ್ತದೆ, ಮೂರು ಪುಟ್ಟ ಕಂಪ್ಯೂಟರ್ ಓಟು ಹಾಕಿ ಬಹುಮತದ ಉತ್ತರ ಆರಿಸುತ್ತವೆ, ಸರ್ವೋ ಅನ್ನೋ ಮೋಟರ್ ಏಲಿರಾನ್ (ವಿಮಾನವನ್ನು ಪಕ್ಕಕ್ಕೆ ವಾಲಿಸುವ, ರೆಕ್ಕೆ ಅಂಚಿನ ಹಲಗೆ) ತಿರುಗಿಸುತ್ತದೆ. ವಿಮಾನಕ್ಕೆ ಕೂರಿಸುವ ಮೊದಲು ಪರೀಕ್ಷೆಗೆ ಅಂತ ಒಂದು ಕಾಕ್‌ಪಿಟ್ ಮಾಡಿದ್ದೇನೆ. ಗುಜರಿಯಿಂದ ತಂದ ಕಾರ್ ಸೀಟು, ಪ್ಲೈವುಡ್, ಎದುರಿಗೆ ಎಕ್ಸ್-ಪ್ಲೇನ್ ಅನ್ನೋ ಫ್ಲೈಟ್ ಸಿಮ್ಯುಲೇಟರ್ ಓಡುವ ಟಿವಿ. ಎಲ್ಲ ಬೆಣ್ಣೆಯ ಹಾಗೆ ನಡೆಯುತ್ತಿದೆ. ಅದೇ ಅನುಮಾನ. ಹೆಂಡತಿಯಂತೂ "ಇದು ವಿಡಿಯೋ ಗೇಮ್ ಅಲ್ವಾ?" ಅಂತಾಳೆ. ಏನು ಬಿಟ್ಟಿದ್ದೇನೆ?

ಸರ್ವೋ ಸುಬ್ಬ:
ಸರ್ವೋ ತೋಳಿಗೆ ಏನಾದರೂ ಭಾರ ಕಟ್ಟಿದ್ದೀರಾ? ಖಾಲಿ ತೋಳು ಬೆಣ್ಣೆಯ ಹಾಗೇ ತಿರುಗುತ್ತದೆ. ಮೇಲೆ ಹೋದಾಗ ಗಾಳಿ ತಳ್ಳುತ್ತದೆ, ಆಗ ವೇಗ ಅರ್ಧಕ್ಕೆ ಬಿದ್ದರೂ ಬೀಳಬಹುದು. ಬಂಜೀ ಹಗ್ಗ ಕಟ್ಟಿ, ಸೆಕೆಂಡಿಗೆ ಎಷ್ಟು ಡಿಗ್ರಿ ತಿರುಗುತ್ತದೆ ಅಂತ ಮತ್ತೆ ಅಳೆಯಿರಿ. ನಿಮ್ಮ ಕೈ ಅದಕ್ಕಿಂತ ಜೋರಾಗಿ ಓಡಿದರೆ ಏಲಿರಾನ್ ಹಿಂದೆ ಉಳಿಯುತ್ತದೆ. ನೀವು ಗಾಬರಿಯಲ್ಲಿ ಉಲ್ಟಾ ಎಳೆಯುತ್ತೀರಿ, ಅದು ಇನ್ನೂ ಹಳೇ ಮಾತು ಕೇಳುತ್ತಿರುತ್ತದೆ. ತೂಗಾಟ ಶುರು. 1993ರ ಆಗಸ್ಟ್‌ನಲ್ಲಿ ಸ್ಟಾಕ್‌ಹೋಮ್ ಮೇಲೆ ಪ್ರದರ್ಶನ ಕೊಡುತ್ತಿದ್ದ ಸ್ವೀಡನ್ನಿನ ಫೈಟರ್ ವಿಮಾನ ಗ್ರಿಪೆನ್ ಬಿದ್ದದ್ದು ಹೀಗೇ. ಪೈಲಟ್ ಹೊರಗೆ ಹಾರಿ ಬದುಕಿಕೊಂಡ. ದೊಡ್ಡ ಕಂಪನಿಯ ಫೈಟರಿಗೇ ಹಾಗಾಯಿತು, ನಮ್ಮ ಸರ್ವೋ ಯಾವ ಲೆಕ್ಕ.

ರಿಗ್ ತಾತ (ಬೆಂಗಳೂರು):
ತೇಜಸ್ ಮೊದಲ ಸಲ ಹಾರಿದ್ದು 2001ರ ಜನವರಿ 4ಕ್ಕೆ. ಅದಕ್ಕೂ ಮುಂಚೆ ಅದರ ಕಂಟ್ರೋಲ್ ವ್ಯವಸ್ಥೆ ಇಲ್ಲೇ ನೆಲದ ಮೇಲೆ 'ಐರನ್ ಬರ್ಡ್' ಅನ್ನೋ ಕಬ್ಬಿಣದ ಚೌಕಟ್ಟಿನಲ್ಲಿ ಸಿಕ್ಕಾಪಟ್ಟೆ ಓಡಿತ್ತು. ಅಂಥ ರಿಗ್‌ನಲ್ಲಿ ನೋಟ ಮುಖ್ಯ ಅಲ್ಲ. ಟಿವಿ ಚಿಕ್ಕದಿದ್ದರೂ ನಡೆಯುತ್ತದೆ. ಆದರೆ ವೈರು ವಿಮಾನದಲ್ಲಿ ಎಷ್ಟುದ್ದವೋ ಅಷ್ಟೇ ಇರಲಿ, ಅದೇ ಕನೆಕ್ಟರ್ ಇರಲಿ, ಅದೇ ಬ್ಯಾಟರಿ ಇರಲಿ. ಮೇಜಿನ ಮೇಲಿನ ಪವರ್ ಸಪ್ಲೈ ಕಿತ್ತು ಎಸೆಯಿರಿ, ಅದು ತುಂಬಾ ಒಳ್ಳೆಯದು, ಏನನ್ನೂ ತೋರಿಸಿಕೊಡಲ್ಲ.
ಇನ್ನೊಂದು. ನೀವೇ ವೈರ್ ಕಿತ್ತು ನೀವೇ ಹಾರಿಸಬೇಡಿ. ಬೇರೆಯವರು ಕೀಳಲಿ, ಹೇಳದೆ ಕೀಳಲಿ. ಈ ಕಾಕ್‌ಪಿಟ್ ಕಟ್ಟೋದು ಹಾರಿಸೋದಕ್ಕಲ್ಲ, ಕೆಡಿಸೋದಕ್ಕೆ.

ಗ್ಯಾರೇಜ್ ಗರುಡ:
ಮೂರು ವಾರ ಆಯಿತು, ವರದಿ ಕೊಡುತ್ತೇನೆ. ಬಂಜೀ ಕಟ್ಟಿದೆ, ಬ್ಯಾಟರಿ ಹಾಕಿದೆ. ಕೆಡಿಸುವ ಕೆಲಸಕ್ಕೆ ತಿಪಟೂರಿನಿಂದ ಬಂದಿರುವ ಅಪ್ಪ ಸಿಕ್ಕರು. ಮೊದಲ ದಿನ ಅವರು ವೈರ್ ಮುಟ್ಟಲೇ ಇಲ್ಲ. ನಾನು ಇಳಿಯಲು ಫ್ಲ್ಯಾಪ್ (ರೆಕ್ಕೆ ಹಿಂಬದಿಯಿಂದ ಕೆಳಗಿಳಿಯುವ ಹಲಗೆ) ಬಿಟ್ಟೆ. ಸ್ಟಿಕ್ ಸತ್ತುಹೋಯಿತು. ಮೂರೂ ಕಂಪ್ಯೂಟರಿನ ಹಸಿರು ದೀಪ ಒಟ್ಟಿಗೆ ಆರಿ, ಮತ್ತೆ ಒಂದೊಂದಾಗಿ ಹತ್ತಿದವು. ಅಷ್ಟರಲ್ಲಿ ಟಿವಿಯಲ್ಲಿ ನಾನು ಜೋಳದ ಹೊಲದಲ್ಲಿದ್ದೆ.
ಅಪ್ಪ ಅಂದರು, "ಪಂಪ್‌ಸೆಟ್ ಹಾಕ್ದಾಗ ಮನೆ ಬಲ್ಬು ಮಂಕಾಗಲ್ವೇನೋ, ಹಂಗೇ ಆಯ್ತು."
ಅದೇ ಆಗಿತ್ತು. ಫ್ಲ್ಯಾಪ್ ಮೋಟರ್ ಎದ್ದೇಳುವಾಗ ಒಂದು ಕ್ಷಣ 12 ವೋಲ್ಟ್ 6ರ ಹತ್ತಿರಕ್ಕೆ ಕುಸಿಯುತ್ತಿತ್ತು. ಮೂರು ಕಂಪ್ಯೂಟರ್ ಇಟ್ಟು ಬೀಗುತ್ತಿದ್ದೆ, ಮೂರಕ್ಕೂ ಅನ್ನ ಹಾಕುತ್ತಿದ್ದದ್ದು ಒಂದೇ ತಂತಿ! ಈಗ ಒಂದೊಂದಕ್ಕೂ ಬೇರೆ ಚಿಕ್ಕ ಬ್ಯಾಟರಿ, ಮಧ್ಯೆ ಕರೆಂಟನ್ನು ಒಂದೇ ದಿಕ್ಕಿಗೆ ಬಿಡುವ ಡಯೋಡ್. ಫ್ಲ್ಯಾಪ್ ಮೋಟರಿಗೆ ಅದರದೇ ಲೈನು. ಐವತ್ತು ಸಲ ಫ್ಲ್ಯಾಪ್ ಬಿಟ್ಟೆ, ದೀಪ ಕದಲಲಿಲ್ಲ.
ಸುಬ್ಬ ಅವರೇ, ಭಾರ ಕಟ್ಟಿದ ಮೇಲೆ ಸರ್ವೋ ವೇಗ ನಿಜಕ್ಕೂ ಅರ್ಧಕ್ಕಿಂತ ಕೆಳಗೆ ಬಂತು. ದೊಡ್ಡ ಸರ್ವೋ ಆರ್ಡರ್ ಮಾಡಿದ್ದೇನೆ.
ಅಪ್ಪ ಇನ್ನೂ ಎರಡು ವಾರ ಇರುತ್ತಾರೆ. ಫ್ಯೂಸ್ ಡಬ್ಬಿಯನ್ನು ಅವರ ಕುರ್ಚಿ ಪಕ್ಕಕ್ಕೆ ಸರಿಸಿದ್ದೇನೆ.