ಹಾವಿಗೆ ಜಂತಿನ ಔಷಧಿ ಹಾಕುವ ಮೊದಲು ಹಿಕ್ಕೆ ಪರೀಕ್ಷೆ ಮಾಡಿಸಿ

ಬಾಲ್ ಪೈಥಾನ್ ಸೊರಗುತ್ತಿದೆ, ಹಿಕ್ಕೆ ನೀರು ನೀರಾಗಿದೆ, ನಾಯಿಗೆ ಕೊಡುವ ಜಂತಿನ ಔಷಧಿಯನ್ನೇ ಸ್ವಲ್ಪ ಹಾಕಬಹುದಾ ಅಂತ ಕೇಳಿದ್ದೀರಿ. ದಯವಿಟ್ಟು ಹಾಕಬೇಡಿ.

ನಮ್ಮದೂ ಬಾಲ್ ಪೈಥಾನೇ, ಹೆಣ್ಣು. 1,140 ಗ್ರಾಂ ಇದ್ದದ್ದು ಎರಡು ತಿಂಗಳಲ್ಲಿ 980ಕ್ಕೆ ಇಳಿಯಿತು. ಇಲಿ ತಿನ್ನುತ್ತಿದ್ದಳು, ಆದರೂ ಕೈಯಲ್ಲಿ ಹಿಡಿದರೆ ಬೆನ್ನುಮೂಳೆ ತಾಗುತ್ತಿತ್ತು. ಹಿಕ್ಕೆಯಲ್ಲಿ ಲೋಳೆ, ಕೆಟ್ಟ ವಾಸನೆ. ಹುಳು ಮಾತ್ರ ಕಣ್ಣಿಗೆ ಬೀಳಲಿಲ್ಲ. ಮೊಟ್ಟೆಗಳು ಮೈಕ್ರೋಸ್ಕೋಪಿಗೇ ಕಾಣಬೇಕು.

ಹಾವು ನೋಡುವ ಡಾಕ್ಟರ ಹತ್ತಿರ ಮೊದಲ ಸಲ ನಾನು ಒಯ್ದದ್ದು ಸುಣ್ಣದ ಉಂಡೆಯಂಥ ಬಿಳಿ ಭಾಗ. ಅದು ಮೂತ್ರ ಗಟ್ಟಿಯಾದದ್ದು, ಕಂದು ಭಾಗ ತನ್ನಿ ಅಂದರು. ಮುಂದಿನ ಸಲ ಹಾಕಿದ ಕೂಡಲೇ ಡಬ್ಬಿಗೆ ತುಂಬಿ ಒಯ್ದೆ. ಕೊಕ್ಕೆಹುಳುವಿನ ಮೊಟ್ಟೆ ಸಿಕ್ಕಿತು. ಅವಳನ್ನು ತೂಗಿ, ಲೆಕ್ಕ ಹಾಕಿ ಫೆನ್‌ಬೆಂಡಜೋಲ್ ಅನ್ನುವ ಜಂತಿನ ಔಷಧಿ ಬಾಯಿಗೆ ಕೊಟ್ಟರು. ಎರಡು ವಾರ ಬಿಟ್ಟು ಇನ್ನೊಂದು ಸಲ. ಈ ಔಷಧಿ ಜಾಸ್ತಿಯಾದರೆ ಕರುಳು, ಮೂಳೆಮಜ್ಜೆ ಎರಡಕ್ಕೂ ಪೆಟ್ಟು. ಇರುವುದು ಹುಳುವಲ್ಲ, ಕೋಕ್ಸಿಡಿಯಾ ಅನ್ನುವ ಏಕಕೋಶ ಪರಾವಲಂಬಿ ಆದರೆ ಇದು ಕೆಲಸಕ್ಕೇ ಬರುವುದಿಲ್ಲ. ನುಂಗಿದ ಇಲಿಯ ಹೊಟ್ಟೆಯ ಹುಳುಗಳ ಮೊಟ್ಟೆಯೂ ಹಾವಿನ ಹಿಕ್ಕೆಯಲ್ಲಿ ಹಾಗೇ ಬರುತ್ತದೆ, ಹಾಗಾಗಿ ಹಾವುಗಳ ಬಗ್ಗೆ ಗೊತ್ತಿರುವವರೇ ನೋಡಬೇಕು.

ನಮಗೆ ಕಷ್ಟವಾದದ್ದು ಪೆಟ್ಟಿಗೆ ಚೊಕ್ಕಟ ಇಡುವುದು. ಒದ್ದೆ ತೆಂಗಿನ ನಾರಿನ ಪುಡಿಯಲ್ಲಿ ಮರಿಹುಳು ಬದುಕಿದ್ದು ಮತ್ತೆ ಹಾವಿಗೇ ಸೇರುತ್ತದೆ. ಪುಡಿ ಪೂರ್ತಿ ಎಸೆದು ನ್ಯೂಸ್‌ಪೇಪರ್ ಹಾಸಿದೆವು. ಹಿಕ್ಕೆ ಕಂಡ ತಕ್ಷಣ ಕಾಗದ ಬದಲು, ನೀರಿನ ಬಟ್ಟಲಿಗೆ ದಿನಾ ಕುದಿನೀರು. ಮೂರು ತಿಂಗಳು ಇದೇ ಕೆಲಸ.

ಗೆಳೆಯನ ಕಾರ್ನ್ ಸ್ನೇಕ್‌ಗೆ ಆದದ್ದು ಬೇರೆ. ಇಲಿ ನುಂಗಿ ಎರಡು ಮೂರು ದಿನಕ್ಕೆ ಕಕ್ಕುತ್ತಿತ್ತು, ಮೈಯ ನಡುವೆ ಗಟ್ಟಿ ಊತ. ಕ್ರಿಪ್ಟೊಸ್ಪೊರಿಡಿಯಂ ಅನ್ನುವ ಇನ್ನೊಂದು ಏಕಕೋಶ ಪರಾವಲಂಬಿ ಅಂತ ಗೊತ್ತಾಯಿತು. ಅದನ್ನು ಖಂಡಿತ ವಾಸಿ ಮಾಡುವ ಔಷಧಿಯಿಲ್ಲ. ಮಾಮೂಲಿ ಬ್ಲೀಚಿಗೂ ಅದು ಬಗ್ಗುವುದಿಲ್ಲ. ಪಾಪ, ಆ ಹಾವು ಉಳಿಯಲಿಲ್ಲ. ಮನೆಯಲ್ಲಿ ಇನ್ನೊಂದು ಹಾವಿದ್ದರೆ ಇವತ್ತೇ ಬೇರೆ ಕೋಣೆಗೆ ಇಡಿ. ಇಲಿ ಹಿಡಿಯುವ ಚಿಮಟವೂ ಬೇರೆ ಇರಲಿ.

ನಮ್ಮವಳು ಈಗ 1,310 ಗ್ರಾಂ. ನಿಮ್ಮದು ತಿಂದದ್ದನ್ನು ಕಕ್ಕುತ್ತಿದೆಯಾ? ನೀವು ಬರೆದಿಲ್ಲ. ಕಕ್ಕುತ್ತಿದ್ದರೆ ಡಾಕ್ಟರಿಗೆ ಮೊದಲು ಅದನ್ನೇ ಹೇಳಿ.